ಎರಡೂ ಮನೆಯ ಪಟ್ಟಿಯಲ್ಲಿಲ್ಲದ ಬಸುರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮವ್ವ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಆದರೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದ ಮೇಲೆ ಆ ಕೋಪವನ್ನು ಬ್ಯಾಗಿನೊಳಗೆ ತುರುಕಿ ಜಿಪ್ ಎಳೆಯುವುದನ್ನು ಕಲಿತಿದ್ದೆ. ಕಲಿತಿದ್ದೇನೆಂದು ಅಂದುಕೊಂಡಿದ್ದೆ ಎನ್ನುವುದೇ ಸರಿ.

ನಾನು ಹೈದರಾಬಾದಿನ ಸನತ್‌ನಗರದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಕಲಬುರಗಿ ಕಡೆಯಿಂದ ಬಂದು ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ಮೇಲೆ ದುಡಿದವರು. ಹೊರಗೆ ಹಿಂದಿ, ತೆಲುಗು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಮನೆಮಾತೇ ನನಗೆ ಕೆಲಸ ಕೊಡಿಸಿತು. ಮಿಯಾಪುರದಲ್ಲಿ ಆಫೀಸು ಮಾಡಿಕೊಂಡಿದ್ದ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಗೆ, ಕೃಷ್ಣಾ ನದಿಯ ಕಡೆ, ತೆಲಂಗಾಣದ ಗಡಿಯೊಳಗಿದ್ದೂ ಮನೆಯಲ್ಲಿ ಕನ್ನಡ ಆಡುವ ಹಳ್ಳಿಗಳಿಗೆ ಕಳಿಸಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಯಾರಿಗೆ ಬಿ.ಪಿ. ಇದೆ, ಯಾರಿಗೆ ರಕ್ತ ಕಡಿಮೆ, ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಬಿ.ಪಿ. ನೋಡುವ ಯಂತ್ರ, ಬೆರಳು ಚುಚ್ಚುವ ಸೂಜಿಗಳ ಡಬ್ಬಿ, ಫಾರಂಗಳ ಕಟ್ಟು, ನೀರಿನ ಬಾಟಲಿ. ಇಷ್ಟು ಹೊತ್ತುಕೊಂಡು ನಾನು ಊರೂರು ತಿರುಗಿದೆ.

ಆ ಊರಿಗೆ ದಿನಕ್ಕೆ ಎರಡೇ ಬಸ್ಸು. ಬೆಳಿಗ್ಗೆ ಒಂದು ಬಂದು ಹೋಗುತ್ತದೆ, ಮಧ್ಯಾಹ್ನ ಒಂದು ಬಂದು ಹೋಗುತ್ತದೆ. ಡಾಂಬರು ರಸ್ತೆ ಊರಿಗಿಂತ ಸಾಕಷ್ಟು ಮೊದಲೇ ಮುಗಿದುಹೋಗುತ್ತದೆ. ಆರೋಗ್ಯ ಕೇಂದ್ರ ಇರುವುದು ಅದರಾಚೆ, ಮತ್ತೊಂದು ಬಸ್ಸು ಹಿಡಿದು ಹೋಗುವಷ್ಟು ದೂರ. ಬೆಳಿಗ್ಗೆ ಬಸ್ಸಿಳಿದ ಕೂಡಲೇ ನನ್ನನ್ನು ತಡೆದು ನಿಲ್ಲಿಸಿದ್ದು ಕಟ್ಟೆಯ ಮೇಲೆ ಕೂತಿದ್ದ ಮುದುಕಿ. ಊರಿನ ಹಳೆಯ ಸೂಲಗಿತ್ತಿ. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗಬೇಕೆಂದು ಬಂದವರೆಲ್ಲ ಹೇಳಿ ಹೋಗಿದ್ದರಿಂದ ಅವಳಿಗೆ ಕೆಲಸವಿರಲಿಲ್ಲ. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

"ಏನ್ ಬರಕೊಳ್ಳಾಕ ಬಂದೀಯವ್ವಾ?"

"ಎಲ್ಲಾರ ಆರೋಗ್ಯದ್ದು, ಆಯಿ. ಬಸುರೇರದ್ದು, ಬಾಣಂತೇರದ್ದು, ಎಲ್ಲಾ."

"ನೀ ಎಷ್ಟ ಹಡದಿ?"

"ನಂದಿನ್ನಾ ಮದುವಿ ಆಗಿಲ್ರಿ."

ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. "ನೋಡ್ರೆವ್ವಾ, ಹಡೀಲಾರದಾಕಿ ಹಡಿಯೋರ ಸುದ್ದಿ ಬರಕೊಳ್ಳಾಕ ಹೈದರಾಬಾದಿಂದ ಬಂದಾಳ!" ಸುತ್ತ ಇದ್ದವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವಳ ಕೈಯಲ್ಲಿ ಎಷ್ಟು ಜೀವ ಹೋಗಿವೆಯೋ, ನನಗೆ ಬುದ್ಧಿ ಹೇಳುತ್ತಾಳೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಮುಂದೆ ನಡೆದೆ. ಹಾಗೆ ಅಂದುಕೊಂಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆ ದಿನದ ಕೊನೆಯ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ಗಂಡಸರು ಹೊಲಕ್ಕೆ ಹೋಗಿದ್ದರು. ಮನೆಯ ತಾಯಿ ಎದುರು ಕೂತು ನನ್ನ ಪ್ರಶ್ನೆಗಳಿಗೆಲ್ಲ ಚುಟುಕಾಗಿ ಉತ್ತರ ಕೊಟ್ಟಳು. ನಡುವೆ ಒಳಗಿನಿಂದ ಒಬ್ಬ ಹುಡುಗಿ ಚಹಾ ತಂದಿಟ್ಟಳು. ತುಂಬಿದ ಬಸುರಿ. ಪಾದಗಳು ಬಾತು, ಕಾಲುಂಗುರ ಬೆರಳಿನೊಳಗೆ ಹೂತುಹೋಗಿದ್ದವು. ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ.

"ಈಕಿ?" ಎಂದೆ.

"ನನ್ನ ಮಗಳ್ರಿ. ಚೊಚ್ಚಲ ಹೆರಿಗಿಗೆ ಕರಕೊಂಡು ಬಂದು ಹದಿನೈದ ದಿನಾ ಆತು. ಈಕೀನ್ನ ಬರಕೋಬ್ಯಾಡ್ರಿ, ಕೊಟ್ಟ ಮಗಳು. ಆಕಿ ಆ ಮನಿಯಾಕಿ."

ನನ್ನ ಫಾರಂ ಕೂಡ ಅದನ್ನೇ ಹೇಳುತ್ತಿತ್ತು. ಆರು ತಿಂಗಳಿಂದ ಈ ಮನೆಯಲ್ಲಿ ವಾಸವಿರುವವರನ್ನು ಮಾತ್ರ ಬರೆಯಬೇಕು. ತರಬೇತಿಯಲ್ಲಿ ಇದನ್ನು ನಮಗೆ ಗಟ್ಟಿ ಮಾಡಿಸಿದ್ದರು. ನೆಂಟರನ್ನು ಸೇರಿಸಿದರೆ ಒಬ್ಬರನ್ನೇ ಎರಡು ಕಡೆ ಎಣಿಸಿದಂತಾಗಿ ಅಧ್ಯಯನ ಕೆಡುತ್ತದೆ. ನನ್ನ ಫಾರಂಗಳಲ್ಲಿ ತಪ್ಪು ಇರುವುದಿಲ್ಲ ಎಂಬ ಹೆಮ್ಮೆ ಬೇರೆ. ನಾಲ್ಕು ಜನ ಎಂದು ಬರೆದೆ. ಮನೆಯಲ್ಲಿದ್ದ ತಾಯಿಯ ಬಿ.ಪಿ. ನೋಡಿದೆ, ಸರಿಯಾಗಿತ್ತು. ಚಹಾ ಕುಡಿದೆ, ಯಂತ್ರ ಮಡಚಿದೆ, ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಕಟ್ಟೆಯ ಮೇಲೆ ಮುದುಕಿ ಇನ್ನೂ ಕೂತಿದ್ದಳು. ನಾನು ಬೇಕಂತಲೇ ಬೇರೆ ಕಡೆ ಮುಖ ಮಾಡಿ ನಿಂತೆ.

"ಆ ಬಸುರಿ ಹುಡುಗೀದು ಏನ್ ಬರಕೊಂಡಿ?" ಎಂದಳು.

"ಬರಕೊಂಡಿಲ್ಲ. ಆಕಿ ಈ ಮನಿಯಾಕಿ ಅಲ್ಲಲ್ಲ. ಗಂಡನ ಮನ್ಯಾಗ ಬರಕೋತಾರ."

"ಅಲ್ಲಿ ಹೋಗಿ ಕೇಳಿದ್ರ, ತವರಿಗೆ ಹೋಗ್ಯಾಳ, ಇಲ್ಲಿಲ್ಲ ಅಂತಾರ. ಇಲ್ಲಿ ಕೇಳಿದ್ರ ಕೊಟ್ಟ ಮಗಳು ಅಂತಾರ. ಹಂಗಾರ ಆ ಹುಡುಗಿ ಎಲ್ಲಿ ಅದಾಳವ್ವಾ? ನೀನ ಹೇಳು."

ನಾನು ಅವಳ ಕಡೆ ತಿರುಗಿದೆ.

ಮುದುಕಿಯ ದನಿಯಲ್ಲಿ ಈಗ ನಗು ಇರಲಿಲ್ಲ. "ಮೂರ ದಿನದಿಂದ ನೋಡಾಕತ್ತೀನಿ. ನಳದ ಹತ್ತಿರ ಕೊಡ ಇಟ್ಟು ಹಣಿ ಹಿಡಕೊಂಡು ಕೂಡ್ತಾಳ. ಚಪ್ಪಲಿ ಕಾಲಾಗ ಹೋಗವಲ್ದು. ಮುಖಾ ಬಾತೈತಿ. ನಾ ಮನೀಗೆ ಹೋಗಿ ಹೇಳಿದ್ರ, ಮುದುಕಿಗೆ ಹೆರಿಗಿ ಮಾಡೋ ಹುಚ್ಚು ಇನ್ನಾ ಹೋಗಿಲ್ಲ ಅಂತಾರ. ನನ್ನ ಮಾತು ಯಾರೂ ಕೇಳಂಗಿಲ್ಲ. ನಿನ್ನ ಕೈಯಾಗ ಯಂತ್ರ ಐತಿ. ಹೊಳ್ಳಿ ಹೋಗು."

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ನನ್ನನ್ನು ನೋಡಿ ಸೀಟಿ ಊದದೆ ನಿಂತ. ಆ ಅರ್ಧ ನಿಮಿಷ ನಾನು ನಿಜವಾಗಿಯೂ ಹೊಯ್ದಾಡಿದೆ ಎಂದು ಬರೆಯಲೇಬೇಕು. ಬಸ್ಸು ತಪ್ಪಿದರೆ ರಾತ್ರಿ ಎಲ್ಲಿರುವುದು, ಫಾರಂನಲ್ಲಿ ಇಲ್ಲದವಳನ್ನು ನೋಡಿದರೆ ಆಫೀಸಿನಲ್ಲಿ ಏನೆನ್ನುತ್ತಾರೆ. ಇಂಥವೇ ತಲೆಯಲ್ಲಿ. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸು ಹೋಯಿತು. ನಾನು ಹಿಂತಿರುಗಿ ನಡೆದೆ.

ಹುಡುಗಿಯನ್ನು ಕೂರಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ತೋಳಿಗೆ ಪಟ್ಟಿ ಸುತ್ತಿದೆ. ನೂರಾ ಎಪ್ಪತ್ತು, ನೂರಾ ಹತ್ತು. ಯಂತ್ರ ಕೆಟ್ಟಿರಬೇಕೆಂದು ನನ್ನ ತೋಳಿಗೇ ಸುತ್ತಿಕೊಂಡು ನೋಡಿದೆ; ಸರಿಯಿತ್ತು. ಮತ್ತೆ ಅವಳಿಗೆ ಸುತ್ತಿದೆ. ಇನ್ನೂ ಏರಿತ್ತು.

"ತಲಿ ನೋಯ್ತೈತೇನವ್ವಾ?"

"ಹೂಂ ಅಕ್ಕಾ, ಸಿಡಿಯಾಕತ್ತೈತಿ. ಮುಂಜಾನಿಂದ ಕಣ್ಣ ಮುಂದ ಮಂಜು ಮಂಜು ಕಾಣ್ತೈತಿ."

ಬಸುರಿಯಲ್ಲಿ ಇದರ ಅರ್ಥ ಏನೆಂದು ನಮಗೆ ಕಲಿಸಿದ್ದರು. ಯಾವಾಗ ಬೇಕಾದರೂ ಫಿಟ್ಸ್ ಬರಬಹುದು; ತಾಯಿ, ಮಗು ಇಬ್ಬರೂ ಉಳಿಯದೆ ಇರಬಹುದು. ಈಗಲೇ ಆಸ್ಪತ್ರೆಗೆ ಹೊರಡಬೇಕು ಎಂದೆ. ತಾಯಿ ತಲೆ ಅಲ್ಲಾಡಿಸಿದಳು.

"ಬೀಗರ್ನ ಕೇಳದ ಹೆಂಗ ಕಳಸ್ಲಿರಿ? ಅವರ ಮನೀ ಸೊಸಿ. ಕಾಲು ಬಾಯೂದು ಇದ್ದದ್ದ. ನಾಳಿ ಹೊಟ್ಟಿ ಕೊಯ್ಸಿದ್ರಿ ಅಂತ ಬೈದ್ರ ಯಾರು ಅನಿಸ್ಕೊಳ್ಳಾಕಿ?"

ಅಳಿಯನಿಗೆ ಫೋನ್ ಹಚ್ಚಿದರೆ ಅವನು ಹೈದರಾಬಾದಿನಲ್ಲಿ ಕಟ್ಟಡದ ಕೆಲಸದಲ್ಲಿದ್ದ, ಎತ್ತಲಿಲ್ಲ. ಹುಡುಗಿಯ ಅತ್ತೆಗೆ ಹಚ್ಚಿದೆವು, ಅವಳು ಎತ್ತಿದಳು. ನಾವು ಕಳಿಸಿದಾಗ ಹುಡುಗಿ ಚೊಲೊ ಇದ್ದಳು, ನೀವೇನು ತಿನ್ನಿಸಿದಿರಿ ಎಂದು ಅಲ್ಲಿಂದಲೇ ಶುರು ಮಾಡಿದಳು. ಹುಡುಗಿಯ ತಪಾಸಣೆಯ ಕಾರ್ಡನ್ನು ಕಳೆದುಹೋದೀತೆಂದು ಅವಳೇ ಟ್ರಂಕಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಳಂತೆ. ಅಲ್ಲಿನ ಆಶಾ ಕಾರ್ಯಕರ್ತೆಗೆ ಹುಡುಗಿ ಹೋದದ್ದು ಗೊತ್ತು, ಇಲ್ಲಿನವಳಿಗೆ ಬಂದದ್ದು ಗೊತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ನಾನು ಕೂಗಿದಷ್ಟೂ ತಾಯಿ ಗಟ್ಟಿಯಾಗಿ ಕೂತಳು.

ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮುದುಕಿ ಒಳಗೆ ಬಂದಳು. ಯಾರ ಅಪ್ಪಣೆಯನ್ನೂ ಕೇಳದೆ ಹುಡುಗಿಯ ಮುಖ ಎತ್ತಿ ನೋಡಿದಳು, ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು. ಆಮೇಲೆ ತಾಯಿಯ ಕೈಯಿಂದ ಫೋನ್ ಇಸಕೊಂಡಳು.

"ಬೀಗತಿ, ನಾ ಈ ಊರ ಸೂಲಗಿತ್ತಿ ಮಾತಾಡಾಕತ್ತೀನಿ. ಈ ಊರಾಗ ಅರ್ಧ ಮಂದೀನ್ನ ನಾನ ಹಿಡದೀನಿ. ಅಡ್ಡ ಬಂದದ್ದು ಹಿಡದೀನಿ, ಕಾಲು ಮುಂದಾಗಿ ಬಂದದ್ದು ಹಿಡದೀನಿ. ಈ ಹೆರಿಗಿ ನನ್ನ ಕೈಲೆ ಆಗಂಗಿಲ್ಲ. ಕೇಳಿಸ್ತಿಲ್ಲೋ? ನನ್ನ ಕೈಲೆ ಆಗಂಗಿಲ್ಲ."

ಅವಳ ಬಾಯಲ್ಲಿ ಈ ಮಾತನ್ನು ಯಾರೂ ಹಿಂದೆಂದೂ ಕೇಳಿರಲಿಲ್ಲವಂತೆ. ಪಕ್ಕದ ಮನೆಯವರು ಆಮೇಲೆ ನನಗೆ ಹೇಳಿದರು. ಅತ್ತೆಗೂ ಅದು ನಾಟಿತು. "ಹಂಗಾರ ಕರಕೊಂಡು ಹೋಗ್ರಿ," ಎಂದು ಅಳುವ ದನಿ ಬಂತು. ತಾಯಿ ಎದ್ದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ನನ್ನ ಯಂತ್ರದ ಅಂಕಿಗಳು ಮಾಡದ ಕೆಲಸವನ್ನು ಮುದುಕಿಯ ಆ ಮಾತು ಮಾಡಿತು. ನನಗೆ ಅವಳ ಕಾಲು ಮುಟ್ಟಬೇಕೆನಿಸಿತು. ಮುಟ್ಟಿದೆ ಕೂಡ. "ಏಳ, ಹೊತ್ತಾಗ್ತೈತಿ," ಎಂದು ಗದರಿದಳು.

ನಾನು ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಊರೊಳಗೆ ಬರುವುದನ್ನು ಕಾಯದೆ ಡಾಂಬರು ರಸ್ತೆಯ ತುದಿಯಲ್ಲೇ ಹತ್ತಿದೆವು. ಅಲ್ಲಿಯವರೆಗೆ ಪಕ್ಕದ ಮನೆಯವನೊಬ್ಬ ತನ್ನ ಆಟೋದಲ್ಲಿ ಹಾಸಿಗೆ ಹಾಸಿ, ಪ್ರತಿ ಕುಳಿಯ ಮುಂದೆ ನಿಲ್ಲಿಸಿ ನಿಲ್ಲಿಸಿ ಕರೆತಂದ. ಮೊದಲು ತಲುಪಿದ ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬಳು, ನಾನು ತೆಲುಗಿನಲ್ಲಿ ಬಿ.ಪಿ. ಎಷ್ಟೆಂದು ಹೇಳಿ ಮುಗಿಸುವ ಮೊದಲೇ, ಫಿಟ್ಸ್ ಬಾರದಿರಲು ಕೊಡುವ ಇಂಜೆಕ್ಷನ್ ಸಿದ್ಧ ಮಾಡಿಕೊಂಡು ಬಂದಳು. ಅಲ್ಲಿಂದ ನಮ್ಮನ್ನು ಹೈದರಾಬಾದಿನ ದೊಡ್ಡ ಹೆರಿಗೆ ಆಸ್ಪತ್ರೆಗೆ ಕಳಿಸಿದರು. ಅದೇ ರಾತ್ರಿ ಆಪರೇಷನ್ ಆಯಿತು. ಹೆಣ್ಣುಮಗು, ತೀರ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹುಡುಗಿಯ ಬಗ್ಗೆ ಕೇಳಿದರೆ ಡಾಕ್ಟರು, "ಇನ್ನೂ ಹೇಳುವ ಹಾಗಿಲ್ಲ," ಎಂದರು.

ಎರಡು ದಿನ ಹುಡುಗಿಯ ತಾಯಿ ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಕೂತೇ ಇದ್ದಳು. ಹಿಂದಿ ಬಾರದು, ತೆಲುಗು ಅಷ್ಟಕ್ಕಷ್ಟೇ. ಅಳಿಯ ಕೆಲಸ ಬಿಟ್ಟು ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದಿದ್ದ, ಔಷಧಿ ಅಂಗಡಿಗೂ ವಾರ್ಡಿಗೂ ಓಡಾಡುತ್ತಿದ್ದ. ನಮ್ಮವ್ವ ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಡುತ್ತಿದ್ದಳು. ಅಪ್ಪ ತಮ್ಮ ಮೊಣಕಾಲು ನೋವು ಇಟ್ಟುಕೊಂಡು ಬೇಗಂ ಬಜಾರಿಗೆ ಹೋಗಿ ಕೂಸಿಗೆ ಹೊದಿಸಲು ಮೆತ್ತನೆಯ ಬಟ್ಟೆ, ಒಂದು ಫ್ಲಾಸ್ಕ್ ತಂದರು. ಯಾರೆಂದು ಗೊತ್ತಿಲ್ಲದವರಿಗೆ ಅವರಿಬ್ಬರೂ ಹೀಗೆ ಓಡಾಡಿದರು.

ಎರಡನೆಯ ದಿನ ನಮ್ಮ ಅಧ್ಯಯನದ ಮುಖ್ಯಸ್ಥೆ ಡಾಕ್ಟರು ಆಸ್ಪತ್ರೆಗೇ ಬಂದರು. ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಮುದುಕಿಯ ಪ್ರಶ್ನೆಯನ್ನು ಎರಡು ಸಲ ಹೇಳಿಸಿದರು. ಹೆರಿಗೆಗೆ ತವರಿಗೆ ಬರುವ ಹುಡುಗಿಯರೇ ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳಬೇಕಾದವರು, ಅವರನ್ನೇ ಬಿಟ್ಟುಬಿಡುವ ಫಾರಂ ಮಾಡಿದೆನಲ್ಲ ಎಂದು ಹಣೆ ಚಚ್ಚಿಕೊಂಡರು. ಮುಂದಿನ ವಾರದಿಂದ ಫಾರಂನಲ್ಲಿ ಹೊಸ ಸಾಲು ಬಂತು: ಈ ದಿನ ಈ ಮನೆಯಲ್ಲಿ ಇರುವ ಬಸುರಿ, ಬಾಣಂತಿ, ಯಾವ ಮನೆಯವರಾದರೂ ಸರಿ. ತರಬೇತಿಯಲ್ಲಿ ಡಾಕ್ಟರು ನನ್ನನ್ನು ತೋರಿಸಿ, ಅದು ಇವಳ ಸೂಚನೆ ಎಂದಾಗ ನಾನು ಎದ್ದು ನಿಂತು, ಅದು ಸೂಲಗಿತ್ತಿ ಆಯಿ ಹೇಳಿದ್ದು ಎಂದು ತಿದ್ದಿದೆ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಬೆಳಿಗ್ಗೆ ನರ್ಸ್ ಹೊರಗೆ ಬಂದು, ಬಿ.ಪಿ. ಇಳಿದಿದೆ, ಹುಡುಗಿ ಗಂಜಿ ಕೇಳುತ್ತಿದ್ದಾಳೆ, ಕೂಸು ಹಾಲು ಚೀಪುತ್ತಿದೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನೀ ನಮ್ಮ ಪಾಲಿನ ದೇವತಿ, ನಿನ್ನ ಹೊಟ್ಟಿ ತಣ್ಣಗಿರಲಿ ಎಂದು ಏನೇನೋ ಹೇಳತೊಡಗಿದಳು. ಮೂರು ದಿನ ನುಂಗಿಕೊಂಡಿದ್ದೆ, ಆಗ ಆಗಲಿಲ್ಲ. ಕೈ ಬಿಡಿಸಿಕೊಂಡೆ.

"ಹಂಗ ಅನಬ್ಯಾಡ್ರಿ ಅಕ್ಕಾರ. ಅವತ್ತು ಚಹಾ ಕುಡಿಯೋ ಮುಂದನ ನಾ ಆಕಿ ಕಾಲು ನೋಡಿದ್ದೆ. ನೋಡಿಯೂ ಬಿಟ್ಟು ಹೋದೆ. ಆಯಿ ಬೈದು ಕಳಿಸಿದ್ದಕ್ಕ ಬಂದೆ. ಇಲ್ಲಾಂದ್ರ ನಾ ಬಸ್ ಹತ್ತಿ ಹೋಗಿರ್ತಿದ್ದೆ." ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನೀ ಒಂದ ಸಲ ನೋಡಿದಿ, ತಂಗಿ," ಎಂದಳು. "ನಾ ಹಡದಾಕಿ. ದಿನಾ ಸಂಜಿಮುಂದ ಆ ಕಾಲಿಗೆ ನಾನ ಬಿಸಿನೀರು ಹಾಕ್ತಿದ್ದೆ."