ಕಡಲಿಗೆ ಕಲಸಿದ ಹಿಟ್ಟು

ನಸುಕು ಇನ್ನೂ ಹರಿದಿಲ್ಲ. ಪಟ್ಟಿನಪ್ಪಾಕ್ಕಂ ಕಡಲಂಚಿನಲ್ಲಿ ಕನೀಜ್ ಬತೂಲ್ ಸೀರೆಯ ಅಂಚು ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ನೀರಿಗೆ ಇಳಿಯುತ್ತಿದ್ದಾರೆ. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ನಿಂಬೆ ಗಾತ್ರದ ಹತ್ತೊಂಬತ್ತು ಹಿಟ್ಟಿನುಂಡೆ. ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಅರ್ಜಿ ಇದೆ.

ಇಂದು ಶಾಬಾನ್ ತಿಂಗಳ ಹದಿನೈದು, ಶಿಯಾ ಮುಸ್ಲಿಮರ ಹನ್ನೆರಡನೆಯ ಇಮಾಮ್ ಮಹದಿ ಹುಟ್ಟಿದ ದಿನ. ಅವರು ಸತ್ತಿಲ್ಲ, ಕಣ್ಣಿಗೆ ಮರೆಯಾಗಿದ್ದಾರೆ, ಅನ್ಯಾಯ ತುಂಬಿದ ಲೋಕದಲ್ಲಿ ನ್ಯಾಯ ತುಂಬಲು ಒಂದು ದಿನ ಬಂದೇ ಬರುತ್ತಾರೆ ಎಂಬುದು ನಂಬಿಕೆ. ಅಲ್ಲಿಯವರೆಗೆ ಕಷ್ಟವಿದ್ದವರು ಅವರಿಗೆ ಚೀಟಿ ಬರೆದು, ಹಿಟ್ಟಿನಲ್ಲಿ ಸುತ್ತಿ ನೀರಿಗೆ ಬಿಡುತ್ತಾರೆ. ಉಂಡೆ ಮುಳುಗಿದರೆ ಅರ್ಜಿ ತಲುಪಿದಂತೆ.

ಐವತ್ತೆಂಟರ ಕನೀಜ್ ಗೌರಿಬಿದನೂರು ಕಡೆಯ ಅಲೀಪುರದವರು. ಗಂಡ ತೀರಿಕೊಂಡ ಮೇಲೆ ಎಗ್ಮೋರ್ ಬಳಿಯ ಹೋಟೆಲೊಂದಕ್ಕೆ ದಿನಾ ಹುಳಿಹಿಟ್ಟಿನ ಮುನ್ನೂರು ಖಮೀರಿ ರೊಟ್ಟಿ ತಟ್ಟುತ್ತಾರೆ. ಬೀದಿಯವರ ಅರ್ಜಿಗೆ ಹಿಟ್ಟು ಕಲಸುವುದು ಮಾತ್ರ ಪುಕ್ಕಟೆ.

ಮೂರು ವರ್ಷದ ಹಿಂದೆ ಎಡವಟ್ಟಾಯಿತು. ಅವಸರದಲ್ಲಿ, ರೊಟ್ಟಿಗೆಂದು ಹುಳಿ ಬರಿಸಿಟ್ಟ ಹಿಟ್ಟನ್ನೇ ಚೀಟಿಗಳಿಗೆ ಸುತ್ತಿಬಿಟ್ಟರು. ಉಬ್ಬಿದ ಹಿಟ್ಟು ಮುಳುಗೀತೇ? ಅರವತ್ತು ಉಂಡೆಗಳೂ ತೇಲಿಕೊಂಡು ದಡಕ್ಕೆ ವಾಪಸ್ ಬಂದವು. ಬೀದಿನಾಯಿಗಳು ಕಿತ್ತಾಡಿ ತಿಂದವು.

“ಜನ ಬೈದ್ರು, ಪರವಾಯಿಲ್ಲ. ಅವರ ಕಷ್ಟಾನ ನಾಯಿ ಬಾಯಿಗೆ ಹಾಕಿದ್ನಲ್ಲ, ಅದೇ ನುಂಗಕ್ಕಾಗಲ್ಲ,” ಎನ್ನುತ್ತಾರೆ.

ಆಮೇಲೆ ಎರಡು ವರ್ಷ ಒಬ್ಬರೂ ಚೀಟಿ ಕೊಡಲಿಲ್ಲ. ಪಾಪ, ಹಬ್ಬದ ದಿನವೇ ಬಾಗಿಲು ಹಾಕಿಕೊಂಡು ಅತ್ತಿದ್ದುಂಟು.

ಈ ಸಲ ಮೊದಲ ಚೀಟಿ ತಂದವರು ಮಹಡಿ ಮನೆಯ ನೀಲಗಂಗಮ್ಮ, ಹಣೆತುಂಬ ವಿಭೂತಿಯ ದಾವಣಗೆರೆಯ ಅಜ್ಜಿ. ತಿಂಗಳು ತುಂಬದೆ ಹುಟ್ಟಿದ ಮೊಮ್ಮಗು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ.

“ಕನ್ನಡದಾಗ ಬರದೀನಿ. ನಿಮ್ಮ ಇಮಾಮರಿಗೆ ತಿಳೀತೈತೇನವಾ?” ಎಂದರು ಅಜ್ಜಿ.

“ಲೋಕಕ್ಕೆಲ್ಲ ಬರೋರಿಗೆ ಕನ್ನಡ ಬರ್ದೇ ಇರತ್ತಾ ಅಕ್ಕಾ? ಆದ್ರೆ ನನ್ನ ಹಿಟ್ಟಿನ ಕಥೆ ಗೊತ್ತಲ್ಲ?”

“ಒಂದ್ ಸಲ ದೋಸೆ ಸೀದ್ರ ಹಂಚು ಒಗೀತಾರೇನು? ತಗೋ.”

ಅಜ್ಜಿಯನ್ನು ಕಂಡು ಇನ್ನೂ ಹದಿನೇಳು ಮನೆಯವರು ಅಳುಕುತ್ತಲೇ ಚೀಟಿ ತಂದರು. ಕನೀಜ್ ಹಿಟ್ಟನ್ನು ಹುಳಿ ಸೋಂಕದಂತೆ ಬೇರೆ ಪಾತ್ರೆಯಲ್ಲಿ, ಕೈ ನೋಯುವಷ್ಟು ಗಟ್ಟಿಯಾಗಿ ಕಲಸಿದರು.

ಈಗ ಒಂದೊಂದೇ ಉಂಡೆ ಬಿಡುತ್ತಾರೆ. ಬುಟ್ಟಿ ಬರಿದಾದರೂ ದಡಕ್ಕೆ ಬರುವುದಿಲ್ಲ. ಕಣ್ಣು ಅಲೆಗಳ ಮೇಲೇ ಇದೆ. ಬಿಸಿಲು ಮುಖ ಸುಡುವವರೆಗೂ ನಿಲ್ಲುತ್ತಾರೆ. ದಡಕ್ಕೆ ಬಂದದ್ದು ನೊರೆ ಮಾತ್ರ.

“ಒಂದೂ ತಿರುಗಿ ಬರಲಿಲ್ಲ ನೋಡವಾ,” ಎನ್ನುತ್ತಾರೆ ಜತೆಗೆ ಬಂದು ಮರಳಿನ ಮೇಲೆ ಕೂತಿದ್ದ ನೀಲಗಂಗಮ್ಮ, ಕಣ್ಣೊರೆಸಿಕೊಳ್ಳುತ್ತ. “ಹದಿನೆಂಟು ನಮ್ಮವು. ಇನ್ನೊಂದು ಯಾರದ್ದು?”

ಕನೀಜ್ ಒದ್ದೆ ಸೀರೆ ಹಿಂಡುತ್ತಾರೆ. ಹೋಟೆಲಿನ ರೊಟ್ಟಿಗೆ ಹೊತ್ತಾಗಿದೆ.

“ನಂದೇ ಅಕ್ಕಾ. ಬೇಗ ಬನ್ನಿ ಅಂತ ಬರ್ದಿದೀನಿ, ಅಷ್ಟೇ. ಅವರು ಬಂದ್ರೆ ಯಾರಿಗೂ ಅರ್ಜಿ ಬರಿಯೋ ಕಷ್ಟ ಇರಲ್ಲ. ಆಮೇಲೆ ನಾನು ಕಲಸೋ ಹಿಟ್ಟೆಲ್ಲ ರೊಟ್ಟಿಗೇ.”