ನೋಡಹೋದರೆ ಬಡಿಯುತ್ತಿದ್ದ ಡಬ್ಬಿ

ಮೊನ್ನೆ ಯಲ್ಲಾಪುರದ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೊಬ್ಬ ಚಿಮಣಿ ಎಣ್ಣೆಯ ಹಳೇ ಡಬ್ಬಿಯನ್ನು ಕತ್ತರಿಸಿ ತಗಡು ಮಾಡುತ್ತಿದ್ದ. ತುಕ್ಕು, ಎಣ್ಣೆ, ನೀರು ಕೂಡಿದ ವಾಸನೆ ಮೂಗಿಗೆ ತಾಗಿದ್ದೇ ಪೇಟೆ ಎತ್ತಲೋ ಸರಿದುಹೋಯಿತು... ವಜ್ರಳ್ಳಿಯ ಬಯಲು, ಕಾರ್ತಿಕದ ಇಬ್ಬನಿ, ಗದ್ದೆಯ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಆಚೆಮನೆ ಅತ್ತೆ. ವಾಸನೆಗೆ ಮನುಷ್ಯರನ್ನು ಕರೆತರುವ ಶಕ್ತಿಯಿದೆ ಎಂದು ಯಾರಾದರೂ ಹೇಳಿದ್ದರೆ ನಾನು ವಾದಕ್ಕಿಳಿಯುವವನೇ. ಅಂದು ಆ ಡಬ್ಬಿಯ ಕಡೆಗೆ ಇನ್ನೊಂದು ಹೆಜ್ಜೆ ಸರಿದೆ.

ಅತ್ತೆಯ ಗದ್ದೆಯ ಮೇಲ್ಗಡೆ, ಊರು ಕಾಯುವ ದೇವತೆ ಚೌಡಿಯ ಕಲ್ಲಿದ್ದ ಮರದ ಬುಡದಲ್ಲಿ, ಹಂದಿ ಬೆದರಿಸಲು ಒಂದು ಯಂತ್ರವಿತ್ತು. ಹಳ್ಳದ ನೀರು ಸೀಳಿ ತೋಡಿದ ಅಡಿಕೆಮರದ ದಬ್ಬೆಯಲ್ಲಿ ಹರಿದು ಬಂದು, ಒಂದು ತುದಿಯನ್ನು ದೊನ್ನೆಯಂತೆ ತೋಡಿದ ಮರದ ತುಂಡಿಗೆ ಬೀಳುತ್ತಿತ್ತು. ತುಂಬಿದೊಡನೆ ಆ ತುದಿ ಬಾಗಿ ನೀರು ಚೆಲ್ಲುತ್ತಿತ್ತು. ಹಗುರಾಗಿ ಮೇಲೇಳುವಾಗ ಇನ್ನೊಂದು ತುದಿ ಕೆಳಗಿಟ್ಟ ಚಿಮಣಿ ಎಣ್ಣೆಯ ಡಬ್ಬಿಗೆ ಬಡಿಯುತ್ತಿತ್ತು. ಯಾರ ಕೈಯೂ ಬೇಡ. ಢಣ್... ಮತ್ತೆ ಢಣ್... ನಮಗೆಲ್ಲ ಅದು ನಿದ್ದೆಯೊಳಗಿನ ಸದ್ದು. ನಿಂತರೆ ಮಾತ್ರ ಎಚ್ಚರವಾಗುತ್ತಿತ್ತು.

ಆ ವರ್ಷ ಅದು ಆಗಾಗ ನಿಲ್ಲತೊಡಗಿತು. ನಿಂತಿತೆಂದು ನೋಡಹೋದರೆ ಬಡಿಯುತ್ತಿತ್ತು. ಮನೆಗೆ ಬಂದು ಕೂತರೆ ಮತ್ತೆ ಮೌನ. ಆಚಾರಿ ಬಂದು ಕೀಲು ಬದಲಿಸಿದ. ಡಬ್ಬಿಯನ್ನೂ ಬದಲಿಸಿದರು. ಏನೂ ಆಗಲಿಲ್ಲ. ಗಂಡನಿಲ್ಲದ ಅತ್ತೆ ಆ ಗದ್ದೆಯನ್ನು ಒಬ್ಬಳೇ ಮಾಡಿಸುತ್ತಿದ್ದಳು, ತೆನೆ ಬಾಗಿತ್ತು. "ಈ ಸಲ ಹಂದಿ ಪಾಲಾದ್ರೆ ಬಪ್ಪ ವರ್ಷದಿಂದ ಗದ್ದೆ ಆನೇ ಮಾಡ್ತೆ" ಎಂದು, ಗದ್ದೆಯನ್ನು ತನ್ನ ಕೈಗೆ ತೆಗೆದುಕೊಳ್ಳಲು ಕಾಯುತ್ತಿದ್ದ ಅವಳ ಮೈದುನ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದ. ಅತ್ತೆ ಹಟದಲ್ಲಿ ಹೂಂ ಅಂದುಬಿಟ್ಟಿದ್ದಳು.

ಚೌಡಿಗೆ ಸಿಟ್ಟು ಬಂದಿದೆ ಎಂದರು ಊರವರು. ನಾನೋ, ಹೈಸ್ಕೂಲಿನ ಚರ್ಚಾಕೂಟದಲ್ಲಿ ಆಗಷ್ಟೇ ಬಹುಮಾನ ಹೊಡೆದವನು. ಚೌಡಿ ಇಲ್ಲವೆಂದು ಅತ್ತೆಯ ಜಗುಲಿಯಲ್ಲಿ ಕೂತು ಸಾಧಿಸಿದೆ. ಅವಳು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದಳು.

"ಚೌಡಿ ಇಲ್ಲೆ ಹೇಳಿ ನೀ ಗೆದ್ದೆ ತಮಾ, ಆತು. ಈಗ ಡಬ್ಬಿ ಬಡಿತಾ? ಇಲ್ಲೆ ಅಂದ್ರೆ ಹಂದಿಗೆ ನಿನ್ನ ಭಾಷಣ ಕೇಳ್ಸಿ ಓಡ್ಸನ."

ಅಷ್ಟರಲ್ಲಿ ಅವಳ ಕಾಲು ಉಳುಕಿತು. ಮದ್ದು ಅರೆದು ಬಟ್ಟೆ ಸುತ್ತಿ, ನೀರು ತಾಗಿಸಬೇಡ ಎಂದರು. ಮರುದಿನ ಬೆಳಿಗ್ಗೆ ಸದ್ದು ನಿಂತಾಗ ಕೋಲೂರಿಕೊಂಡು ಹೊರಟೇಬಿಟ್ಟಳು. ಚೌಡಿಯ ಕಲ್ಲಿನ ಕಡೆ ಹೋಗುವವರೆಲ್ಲ ಹಳ್ಳದಲ್ಲಿ, ದಬ್ಬೆಗೆ ನೀರು ನುಗ್ಗುವ ಬಾಯಿಯ ಬಳಿ, ಕಾಲು ತೊಳೆದೇ ಹೋಗುವುದು ರೂಢಿ. ಅಂದು ಅತ್ತೆಗೆ ಅದಾಗಲಿಲ್ಲ.

"ತಮಾ, ಬಾರೋ. ಆನು ಎದುರಿಗೇ ಇದ್ದೆ, ಆದ್ರೂ ಡಬ್ಬಿ ನಿಂತೇ ಇದ್ದು" ಎಂದು ಮಂಜಿನೊಳಗಿಂದ ಕೂಗಿದಳು.

ಓಡಿದೆ. ಹಳ್ಳದ ಬಳಿ, ಚೌಡಿಯನ್ನು ನಂಬದ ನಾನೂ, ಕಾಲು ಅದ್ದಿ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಢಣ್ ಎಂದಿತು.

"ಎಂತ ಮಾಡಿದ್ಯೋ?"

"ಎಂತದೂ ಇಲ್ಲೆ ಅತ್ತೆ. ಕಾಲು ತೊಳೆದೆ, ಅಷ್ಟೇ."

ಹೇಳಿದ ಮಾತು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿತು. ಬಗ್ಗಿ ನೋಡಿದೆ. ದಬ್ಬೆಯ ಬಾಯಿಗೆ ಒತ್ತಿಕೊಂಡಿದ್ದ ತರಗೆಲೆಗಳು ಕಾಲು ಎಬ್ಬಿಸಿದ ನೀರಿಗೆ ಸರಿದಿದ್ದವು. ನೋಡಲು ಬಂದವರೆಲ್ಲ ಮೊದಲು ಕಾಲು ತೊಳೆದು, ತಮಗೇ ತಿಳಿಯದೆ ದೋಷ ನೀಗಿಸಿ, ಆಮೇಲೆ ಯಂತ್ರದ ಮುಂದೆ ಕೂತು ದೋಷ ಹುಡುಕುತ್ತಿದ್ದರು. ವಾದದವನಿಗೆ ಸಾಕ್ಷಿ ಬೇಕಲ್ಲ, ಎಲೆಗಳನ್ನು ಮತ್ತೆ ಬಾಯಿಗೆ ಒತ್ತಿದೆ. ನಿಂತಿತು. ಕಾಲಾಡಿಸಿದೆ. ಬಡಿಯಿತು. ಬಿಸಿಲು ಮಂಜನ್ನು ಮೆಲ್ಲಗೆ ಬಿಡಿಸುತ್ತಿತ್ತು. ಅತ್ತೆ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ದಬ್ಬೆಯ ಬಾಯಿಗೆ ಒಂದು ಹಳೇ ಬುಟ್ಟಿಯನ್ನು ಅಡ್ಡ ಕಟ್ಟಿದೆವು. ಕೊಯ್ಲಿನ ತನಕ ಸದ್ದು ನಿಲ್ಲಲಿಲ್ಲ. ಭತ್ತ ಅತ್ತೆಯ ಅಂಗಳಕ್ಕೇ ಬಂತು. ಮೈದುನ ಹೊರೆ ಹೊರಲು ಬಂದ, ಗದ್ದೆಯ ಮಾತೆತ್ತಲಿಲ್ಲ.

"ಈಗಾದ್ರೂ ಒಪ್ಪು ಅತ್ತೆ. ಚೌಡಿ ಅಲ್ಲ, ಕಸ" ಎಂದೆ.

"ಕಸವೇ ಸೈ. ಕಾಲು ತೊಳಿಯಲೆ ಕಲ್ಸಿದ್ದು ಯಾರು?"

ಬಾಯಿ ತೆರೆದೆ... ಅವಳಾಗಲೇ ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು.

ಹೋದ ವರ್ಷ ಅತ್ತೆ ತೀರಿಕೊಂಡಳು. ನಾನು ಧಾರವಾಡದಲ್ಲಿ ಪರೀಕ್ಷೆಗೆ ಕೂತಿದ್ದೆ, ತಿಳಿದದ್ದೇ ತಡವಾಗಿ. ಗದ್ದೆ ಕೊನೆಗೂ ಮೈದುನನ ಕೈಗೆ ಹೋಯಿತು. ಮೊನ್ನೆ ಬಸ್ಸು ವಜ್ರಳ್ಳಿಯ ತಿರುವಿನಲ್ಲಿ ನಿಧಾನವಾದಾಗ ಅವಳ ಪ್ರಶ್ನೆಗೆ ಉತ್ತರ ಹೊಳೆಯಿತು. ಒಳ್ಳೆಯ ಉತ್ತರ, ಯಾವ ಚರ್ಚಾಕೂಟದಲ್ಲೂ ಗೆಲ್ಲುವಂಥದ್ದು. ಅದನ್ನು ಪೂರ್ತಿ ಕೇಳಿ, ಒಪ್ಪದೇ ಎದ್ದುಹೋಗಲು ಅತ್ತೆ ಇಲ್ಲ.