ಚಿತ್ತಾಪುರದ ಕಲ್ಲಿನ ಮೇಲೆ ನಾನು ಹಾಕಿದ ಬಾಣ

ನಂಬಲಾಗುತ್ತಿಲ್ಲ...
ಬೆಳಿಗ್ಗೆ ನೀಲಮ್ಮ ಮೇಡಂ ಹೋಗಿಬಿಟ್ಟರು. ಈಗಷ್ಟೇ ಅವರ ಮಣ್ಣು ಮುಗಿಸಿ ಬಂದೆ.

ಇಲ್ಲಿ ಅವರ ಫೋಟೊ ಹಾಕುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು.
ಎರಡು ವರ್ಷ ಮುಚ್ಚಿಟ್ಟಿದ್ದೆ.
ಅವರ ಕೊನೆಯ ನಕ್ಷೆಯಲ್ಲಿ ಒಂದು ತಪ್ಪಿದೆ... ಅದು ನನ್ನದು.

ಮೇಡಂ ಭೂವಿಜ್ಞಾನದ ನಿವೃತ್ತ ಲೆಕ್ಚರರ್.
ನಮ್ಮ ಶಹಾಬಾದ್ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ.
ಆ ಸಮುದ್ರ ಎಲ್ಲಿ ಎಷ್ಟು ಆಳವಿತ್ತು ಎಂದು ಸೇಡಂನಿಂದ ವಾಡಿಯವರೆಗೆ ಪದರ ನೋಡಿ ಗುರುತಿಸುತ್ತಿದ್ದರು.
ಅಲೆಯ ಗೆರೆ ಇದ್ದರೆ ನೀರು ಕಡಿಮೆ. ತೆಳು, ನುಣುಪು ಪದರವಿದ್ದರೆ ಆಳ.
ಮೇಲಿನ ಪದರ ಆಮೇಲೆ ಬಂದದ್ದು; ಯಾವುದರ ಮೇಲೆ ಯಾವುದು ಕೂತಿದೆ ಅನ್ನುವುದೇ ಎಲ್ಲ.
ಅದಕ್ಕೇ ಕಲ್ಲು ಕೀಳುವ ಮೊದಲು ಅದರ ಮೇಲೆ ಆಕಾಶದ ಕಡೆಗೆ ಬಾಣದ ಗುರುತು ಬರೆಯಬೇಕು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಕೆಲಸವನ್ನೂ ಬಿಟ್ಟೆ.
ಮೇಡಂ ಸುತ್ತಿಗೆ ಹಿಡಿದು ನನ್ನ ಬೈಕಿನ ಹಿಂದೆ ಕೂರುತ್ತಿದ್ದರು.
"ಒಂದು ಕಡೆ ಕುಂದ್ರಾವಲ್ಲ ನೀ. ಈ ಕಲ್ಲು ನೋಡಿ ಕಲಿ," ಎಂದು ಚುಡಾಯಿಸುತ್ತಿದ್ದರು.

ಮೇಡಂ...
ಆ ದಿನ ಚಿತ್ತಾಪುರದ ಗಣಿಯಲ್ಲಿ ಬಿಸಿಲು ತಡೆಯದೆ ನೀವು ಬೇವಿನ ನೆರಳಿಗೆ ಹೋದಿರಿ.
ಕಲ್ಲು ಕಿತ್ತವನು ನಾನೊಬ್ಬನೇ. ಬಾಣ ಮರೆತೆ.
ಬೈಕಿನ ಹತ್ತಿರ ತಂದಿಟ್ಟು ಆಮೇಲೆ ಬರೆದೆ... ಅಲೆಯ ಗೆರೆಯ ಮುಖ ಕೆಳಗೆ, ನುಣುಪು ಮುಖ ಮೇಲೆ ಮಾಡಿ.
ಶೆಡ್ಡಿನಲ್ಲಿ ಯಾವಾಗಲೂ ಹಾಗೇ ಇಡುತ್ತಿದ್ದೆವು. ಕೈಗೆ ಅದೇ ರೂಢಿ.

"ಕೀಳೂಕಿಂತ ಮೊದಲೇ ಹಾಕೀಯೇನಪಾ?" ಎಂದಿರಿ.
"ಹಾಕೀನ್ರಿ," ಎಂದೆ.

ನಿಮ್ಮ ನಕ್ಷೆಯಲ್ಲಿ ಅಲ್ಲಿ ಸಮುದ್ರ ಆಳವಾಯಿತು.
ತಿಂಗಳಾದ ಮೇಲೆ ಕದ್ದು ಹೋಗಿ ನೋಡಿದೆ. ಕಿತ್ತ ಜಾಗದ ಪಕ್ಕದ ಗಣಿ ಗೋಡೆಯಲ್ಲಿ ಅಲೆಯ ಗೆರೆ ಮೇಲಿತ್ತು, ನುಣುಪು ಕೆಳಗಿತ್ತು.
ಸಮುದ್ರ ಅಲ್ಲಿ ಆಳವಾಗಿರಲಿಲ್ಲ, ನೀರು ಇಳಿದಿತ್ತು, ಮೇಡಂ.
ಹೇಳಿದರೆ ನೀವು ಮತ್ತೆ ನನ್ನ ಬೈಕ್ ಹತ್ತುವುದಿಲ್ಲ ಅನಿಸಿತು.
ಇವತ್ತು ಹೇಳುತ್ತಿದ್ದೇನೆ... ಏನು ಉಪಯೋಗ.

ಮಣ್ಣಿಗೆ ಬಂದಿದ್ದ ಅವರ ವಿದ್ಯಾರ್ಥಿನಿ ಸುಜಾತಕ್ಕ ಸಿಕ್ಕರು. ನಕ್ಷೆ ಈ ವಾರ ಅಚ್ಚಿಗೆ ಹೋಗಬೇಕಿತ್ತು. ಎಲ್ಲ ಹೇಳಿದೆ.
ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
"ಅಚ್ಚು ನಾ ನಿಲ್ಲಸ್ತೀನಿ. ಆ ಗ್ವಾಡಿ ಫೋಟೊ ತಗೊಂಡು ಬಾ. ಈ ಸಲ ಬಾಣ ಮೊದಲು ಹಾಕು," ಎಂದರು.
ಗಣಿ ಇನ್ನೂ ನಡೆಯುತ್ತಿದೆ. ಆ ಗೋಡೆ ಉಳಿದಿದೆಯೋ, ಯಾರದೋ ಮನೆಯ ನೆಲವಾಗಿದೆಯೋ ಗೊತ್ತಿಲ್ಲ.

ಸಾಕಾಗಿದೆ...
ನೀವು ಬಿಸಿಲಲ್ಲಿ ತಿರುಗಿದ್ದು ಸಾಕು, ಮೇಡಂ. ನಿಮ್ಮ ಜೀವ ಇನ್ನು ನೆರಳಲ್ಲಿ ತಣ್ಣಗಿರಲಿ.

ನಾಳೆ ಬೆಳಿಗ್ಗೆ ಚಿತ್ತಾಪುರಕ್ಕೆ ಹೊರಡುತ್ತೇನೆ.